ಮೇಲಿಂದ ಕಾಣದ ಮನೆ

"ಇಲ್ಲಿ ಮನೆ ಎಲ್ಲಿಂದ ಬಂತು?"

ಬುಲ್ಡೋಜರ್ ಡ್ರೈವರ್ ಕೇಳಿದ್ದು ಯಾರನ್ನೂ ಅಲ್ಲ, ತನ್ನನ್ನೇ. ಕೈಯಲ್ಲಿದ್ದ ಟ್ಯಾಬ್ ನೋಡಿದ, ಮನೆ ನೋಡಿದ, ಮತ್ತೆ ಟ್ಯಾಬ್ ನೋಡಿದ.

ಯಂತ್ರದ ಅಲಗು ನನ್ನ ಎದೆಯಿಂದ ಒಂದು ಗೇಣು ದೂರದಲ್ಲಿತ್ತು.

"ನಮ್ಮ ಭಾವ ಕಟ್ಟಿಸಿದ್ದು," ಎಂದೆ. "ಎಂಜಿನ್ ಆಫ್ ಮಾಡು."

ನನ್ನ ಕಸುಬು ಏನು ಅಂತೀರಿ? ಜಾಗ ಖಾಲಿ ಮಾಡಿಸುವುದು. ಪುಸಲಾಯಿಸಿ, ಹೆದರಿಸಿ, ಒಮ್ಮೊಮ್ಮೆ ಸುಮ್ಮನೆ ಎದುರಿಗೆ ಕೂತು... ಈ ಬುಲ್ಡೋಜರ್ ಕಳಿಸಿದ ಕಂಟ್ರಾಕ್ಟರಿಗೇ ಎಷ್ಟೋ ಜಾಗ ಬಿಡಿಸಿಕೊಟ್ಟವನು ನಾನು.

ಇವತ್ತು ಬೆನ್ನ ಹಿಂದಿನ ಬಾಗಿಲಲ್ಲಿ ನಿಂತಿದ್ದವಳು ಅಕ್ಕ.

ಊಟ ಮುಗಿಸಿ ಬರುವವರೆಗೆ ಮುಟ್ಟುವುದಿಲ್ಲ ಎಂದ ಡ್ರೈವರ್. ಟ್ಯಾಬಿನಲ್ಲಿದ್ದ ನಕ್ಷೆ ಮಾಡಿದ ಕಚೇರಿಗೆಂದು ಬೈಕ್ ಹತ್ತಿದೆ.

ನನ್ನನ್ನು ತಡೆಯಲು ಕಂಟ್ರಾಕ್ಟರನ ಹುಡುಗರು ಜೀಪಿನಲ್ಲಿ ಬೆನ್ನಟ್ಟಿದರು. ಮಾರ್ಕೆಟ್ ತಿರುವಿನಲ್ಲಿ ಹಿಂಬದಿಗೆ ಗುದ್ದಿದರು. ಬಿದ್ದೆ, ಎದ್ದೆ, ಜೀಪು ನುಗ್ಗದ ಓಣಿಗೆ ನುಗ್ಗಿದೆ. ನಗರ ಯೋಜನೆ ಕಚೇರಿಯ ಮೆಟ್ಟಿಲು ಹತ್ತುವಾಗ ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು.

ಅಲ್ಲಿನ ಎಂಜಿನಿಯರನ ಕಾಲರ್ ಹಿಡಿದೆ. ಪಾಪ, ಅವನು ಹೆದರಿ ಎಲ್ಲ ತೋರಿಸಿದ. ಮೊದಲಾದರೆ ಟೇಪು ಹಿಡಿದು ಓಣಿ ಓಣಿ ಸುತ್ತುತ್ತಿದ್ದರಂತೆ. ಈಗ ಡ್ರೋನ್ ಹಾರುತ್ತದೆ. ಚಿತ್ರದಲ್ಲಿ ಸೂರು ಕಂಡರೆ ಮನೆ, ಕಾಣದಿದ್ದರೆ ಖಾಲಿ ಜಾಗ. ಪರದೆಯ ಮೇಲೆ ಅಕ್ಕನ ಮನೆ ಇರಲೇ ಇಲ್ಲ... ಮಾವಿನ ಮರವೊಂದು ಕೊಡೆಯಂತೆ ಅರಳಿತ್ತು. ಒಳ್ಳೆಯ ನೆರಳೆಂದು ಕಂಪ್ಯೂಟರು ಅಲ್ಲಿಗೆ ಮಕ್ಕಳ ಪಾರ್ಕು ಬರೆದಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಇವರಿಗೆ ಪ್ರತ್ಯಕ್ಷವೇ ಬೇಡ!

"ನೀನೇ ಬಂದು ನೋಡಯ್ಯಾ," ಎಂದೆ.

"ನಾನು ನೋಡಿದ್ರೆ ಈ ಕಂಪ್ಯೂಟರು ಒಪ್ಪಲ್ಲ ಸಾರ್. ಮೇಲಿಂದಾನೇ ಕಾಣಬೇಕು."

ಮಧ್ಯಾಹ್ನ ಮತ್ತೆ ಡ್ರೋನ್ ಕಳಿಸುತ್ತೇನೆಂದ. ಸೂರಿನ ಒಂದು ಮೂಲೆ ಕಂಡರೂ ಸಾಕು, ಪಾರ್ಕಿನ ಗೆರೆ ಪಕ್ಕಕ್ಕೆ ಸರಿಯುತ್ತದೆ. ಆ ಮೂಲೆಗೆ ಅಡ್ಡ ಬಂದಿರುವುದು ಒಂದೇ ಕೊಂಬೆ.

ಗರಗಸ ಕೊಂಡು ವಾಪಸ್ ಹಾರಿದೆ. ಯಂತ್ರ ಇನ್ನೂ ತಣ್ಣಗೆ ನಿಂತಿತ್ತು. ಮರ ಹತ್ತಿದೆ.

ಹತ್ತಿದ ಮೇಲೆ ಕಣ್ಣಿಗೆ ಬಿತ್ತು. ಅದೇ ಕೊಂಬೆ.

ಅದರ ಮೇಲೆ, ಅಕ್ಕನ ಮಗ ಶಾಲೆಗೆ ಸೇರಿದ ವರ್ಷ ನಾನೇ ಕಟ್ಟಿದ ಉಯ್ಯಾಲೆಯ ಹಗ್ಗ. ಮುಂದಿನ ವರ್ಷ ಜ್ವರ ಅವನನ್ನು ಕರೆದುಕೊಂಡು ಹೋಯಿತು. ಹಲಗೆಯನ್ನು ಯಾರೋ ಬಿಚ್ಚಿದರು, ಹಗ್ಗ ಬಿಚ್ಚಲು ಅಕ್ಕ ಬಿಡಲಿಲ್ಲ. ಈಗ ತೊಗಟೆ ಬೆಳೆದು ಗಂಟನ್ನು ನುಂಗಿತ್ತು. ಒಂದು ಎಳೆ ಮಾತ್ರ ಹೊರಗೆ ಇಣುಕುತ್ತಿತ್ತು.

ಅಕ್ಕ ಕೆಳಗೆ ಬಂದು ನಿಂತಳು. ಎಲ್ಲ ಹೇಳಿದೆ. ಡ್ರೋನು, ಸೂರು, ಪಾರ್ಕು.

"ಒಂದೇ ಕೊಂಬೆ, ಅಕ್ಕ. ಕಡೀತೀನಿ, ಹೂಂ ಅನ್ನು."

ಅವಳು ಹಗ್ಗವನ್ನೇ ನೋಡುತ್ತಿದ್ದಳು.

"ಕಡೀದೇ ಇದ್ರೆ?"

"ಮನೆ ಹೋಗುತ್ತೆ."

"ಮರ?"

ಸುಳ್ಳು ಹೇಳಬಹುದಿತ್ತು. ಅದೂ ನನ್ನ ಕಸುಬೇ. ಅವಳ ಮುಖ ನೋಡಿ ನಾಲಿಗೆ ಹೊರಳಲಿಲ್ಲ.

"ಮರ ಉಳಿಯುತ್ತೆ. ಮಕ್ಕಳು ಆಡ್ತಾರೆ."

ದೂರದಲ್ಲಿ ಡ್ರೋನಿನ ಗುಂಯ್‌ಗುಡುವ ಸದ್ದು ಕೇಳಿತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ಕೊಂಬೆ ಮುಟ್ಟೋಕೆ ಬಿಡಲ್ಲ, ಇಳಿ. ಜಾಗ ಬಿಡಿಸೋದು ನಿನ್ನ ಕಸುಬಲ್ವೇನೋ... ಈ ಮನೆಯಿಂದ ನನ್ನನ್ನೂ ಬಿಡಿಸು."