ಹಗ್ಗ ಹಿಡಿದ ಕೈ

ಮೈದಾನದ ಒಂದು ಅಂಚಿನಲ್ಲಿ ಕರಿ ನಾಯಿ, ಇನ್ನೊಂದು ಅಂಚಿನಲ್ಲಿ ಕಂದು ನಾಯಿ. ಕಂದು ನಾಯಿ ಒಂದೊಂದೇ ಹೆಜ್ಜೆ ಮುಂದೆ ಬಂದಂತೆ ಕರಿಯದರ ಬೆನ್ನಿನ ಕೂದಲು ನಿಮಿರಿತು, ಅದು ಗುರುಗುಟ್ಟತೊಡಗಿತು. ಅಷ್ಟರಲ್ಲಿ ಅದರ ಕೊರಳಪಟ್ಟಿಯ ಹಸಿರು ದೀಪ ಹತ್ತಿತು. ನಾಯಿ ಒಮ್ಮೆ ಆಕಳಿಸಿ, ಮೈ ಕೊಡವಿ ಕೂತುಬಿಟ್ಟಿತು. ಅದರ ಒಡತಿ ಕಣ್ಣೊರೆಸಿಕೊಂಡಳು. ಆರು ತಿಂಗಳಿಂದ ಆಕೆ ಅದನ್ನು ಜನರಿರುವ ಕಡೆ ಕರೆತಂದಿರಲಿಲ್ಲ.

ಡಾ. ಸ್ಫೂರ್ತಿ ಹೊಸಮನಿಗೆ ಇದು ದಿನನಿತ್ಯದ ನೋಟ. ಧಾರವಾಡದ ತನ್ನ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ತಲೆ ಕೆಡಿಸಿಕೊಂಡು ಆಕೆ ಮಾಡಿದ ಪಟ್ಟಿ ಅದು. ಮಿದುಳಿನಿಂದ ಕೊರಳ ಮೂಲಕ ಹೃದಯಕ್ಕೆ ಇಳಿಯುವ ವೇಗಸ್ ಎಂಬ ನರವೊಂದಿದೆ. ಹೊಡೆದುಕೊಳ್ಳುವ ಎದೆಯನ್ನು ಸಮಾಧಾನಪಡಿಸುವುದು ಅದರ ಕೆಲಸ. ನಾಯಿಯ ಎದೆಬಡಿತ ಏರಿದೊಡನೆ ಪಟ್ಟಿ ಆ ನರವನ್ನು ನೋವಾಗದಷ್ಟು ಸಣ್ಣ ವಿದ್ಯುತ್ತಿನಿಂದ ತಟ್ಟುತ್ತಿತ್ತು. 2058ರ ಹೊತ್ತಿಗೆ ನಲವತ್ತು ಸಾವಿರ ನಾಯಿಗಳ ಕೊರಳಲ್ಲಿ ಅದಿತ್ತು. ನಾಯಿಗಳ ಕಾರಣಕ್ಕೆ ಮುಖ ತಿರುಗಿಸುತ್ತಿದ್ದ ನೆರೆಹೊರೆಯವರು ಒಂದೇ ಲಿಫ್ಟಿನಲ್ಲಿ ಓಡಾಡತೊಡಗಿದ್ದರು. ಸ್ಫೂರ್ತಿಗೆ ಸ್ವಲ್ಪ ಹಮ್ಮು ಬಂದಿತ್ತು, ಬರಬಾರದೆಂದೇನೂ ಇಲ್ಲ.

ಆ ಹಮ್ಮನ್ನು ಇಳಿಸಿದ್ದು ಮೋತಿ ಎಂಬ ನಾಯಿ. ಅದನ್ನು ಕರೆತಂದವನು ಮೈಲಾರಪ್ಪ ಹಡಪದ, ನಿವೃತ್ತ ಬಸ್ ಡ್ರೈವರ್. ಮೂವತ್ತೊಂದು ವರ್ಷದ ನೌಕರಿಯಲ್ಲಿ ಒಂದು ಕೋಳಿಯನ್ನೂ ಗಾಲಿಗೆ ಕೊಟ್ಟವನಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವನಿಗೆ ಇದ್ದ ಜೊತೆಯೆಂದರೆ ಮೋತಿ ಒಂದೇ. ಅದು ಎರಡು ನಾಯಿಗಳಿಗೆ ಬಾಯಿ ಹಾಕಿತ್ತು. ಹಾಗಾಗಿ ಬರುವ ಶನಿವಾರ ನಗರಪಾಲಿಕೆಯ ಪರೀಕ್ಷಕರ ಮುಂದೆ ಇನ್ನೊಂದು ನಾಯಿಯ ಎದುರು ಅದು ಶಾಂತವಾಗಿ ನಿಲ್ಲಬೇಕು. ನಿಲ್ಲದಿದ್ದರೆ ಊರ ಹೊರಗಿನ ದೊಡ್ಡಿಗೆ. ಅಲ್ಲಿಗೆ ಹೋದ ನಾಯಿ ಮನೆಗೆ ಮರಳುವಂತಿರಲಿಲ್ಲ.

ಪಟ್ಟಿ ಕಟ್ಟಿದರೂ ಮೋತಿ ಶಾಂತವಾಗಲಿಲ್ಲ. ಹಸಿರು ದೀಪ ಹತ್ತುತ್ತಿತ್ತು, ನಾಯಿ ತಣ್ಣಗಾಗುತ್ತಿತ್ತು, ಮರುಗಳಿಗೆಯಲ್ಲೇ ಮತ್ತೆ ಹಲ್ಲು ಕಿರಿಯುತ್ತಿತ್ತು. ಸ್ಫೂರ್ತಿ ಎರಡು ಸಲ ಪಟ್ಟಿ ಬದಲಿಸಿದಳು. ಆಮೇಲೆ ಮೋತಿಯ ಎದೆಬಡಿತದ ದಾಖಲೆ ತೆರೆದು ಕೂತಳು.

ನಾಯಿ ಎಷ್ಟು ಜೋರಾಗಿ ಎಳೆಯುತ್ತದೆ ಎಂದು ತಿಳಿಯಲು ಹಗ್ಗದ ಹಿಡಿಕೆಯಲ್ಲೂ ಒಂದು ಮಾಪಕ ಇತ್ತು. ಎಳೆಯುವುದು ನಾಯಿಯೇ ಎಂದು ಎಲ್ಲರೂ ನಂಬಿದ್ದರಿಂದ ಅದರ ಸಮಯವನ್ನು ಯಾರೂ ಗಮನಿಸಿರಲಿಲ್ಲ. ಈಗ ಆಕೆ ಎರಡು ದಾಖಲೆಗಳನ್ನೂ ಒಂದರ ಕೆಳಗೊಂದು ಇಟ್ಟು ನೋಡಿದಳು. ಪ್ರತಿ ಸಲವೂ ಮೊದಲು ಬಿಗಿಯಾದದ್ದು ಕೈ. ನಾಯಿಯ ಎದೆಬಡಿತ ಏರಿದ್ದು ಅದರ ನಂತರ.

ಸಂಶಯ ಉಳಿಯಬಾರದೆಂದು ಮರುದಿನ ಹಗ್ಗವನ್ನು ತಾನೇ ಹಿಡಿದಳು. ಮೋತಿ ಎದುರಿನ ನಾಯಿಯನ್ನು ಮೂಸಿ, ಬಾಲ ಆಡಿಸಿ ಮುಂದೆ ಹೋಯಿತು. ಬೆಂಚಿನ ಮೇಲೆ ಕೂತು ನೋಡುತ್ತಿದ್ದ ಮೈಲಾರಪ್ಪನ ಮುಖ ಕಪ್ಪಿಟ್ಟಿತು.

"ಕಾಕಾ, ಮೋತಿಗೆ ಏನೂ ಆಗಿಲ್ಲರಿ. ನಿಮ್ಮ ಕೈ ಹೆದರತೈತಿ, ಅದಕ್ಕ ಅದೂ ಹೆದರತೈತಿ," ಎಂದಳು ಸ್ಫೂರ್ತಿ.

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಮುಂದ ಬರೋ ಅಪಾಯ ಈ ಕೈಗೆ ಮೊದಲ ತಿಳೀತಿತ್ರಿ ಮೇಡಂ. ಅದಕ್ಕ ನನ್ನ ಬಸ್ಸಿನ್ಯಾಗ ಒಬ್ಬರೂ ಸತ್ತಿಲ್ಲ. ಈಗ ಅದ ತಪ್ಪಾತೇನ್ರಿ?"

ಪಟ್ಟಿಯಲ್ಲಿ ಇನ್ನೊಂದು ಹಂತವಿದೆ ಎಂದು ಸ್ಫೂರ್ತಿ ಹೇಳಿದಳು. ಅದು ಕೊರಳ ಸುತ್ತಿನ ಚರ್ಮವನ್ನೇ ಮರಗಟ್ಟಿಸುತ್ತದೆ, ಹಗ್ಗ ಎಷ್ಟು ಬಿಗಿಯಾದರೂ ನಾಯಿಗೆ ತಿಳಿಯುವುದಿಲ್ಲ, ಶನಿವಾರ ಮೋತಿ ಖಂಡಿತ ಗೆಲ್ಲುತ್ತದೆ.

"ಆಮ್ಯಾಲೆ ನಾ ಕೊರಳ ಸವರಿದ್ರ ಅದಕ್ಕ ಗೊತ್ತಾಗತೈತೇನ್ರಿ?"

ಗೊತ್ತಾಗುವುದಿಲ್ಲ ಎಂದು ಆಕೆ ಒಪ್ಪಿಕೊಳ್ಳಬೇಕಾಯಿತು.

"ಹಂಗಾದ್ರ ಬ್ಯಾಡ್ರಿ. ಕಲಿಯೋದಿದ್ರ ನಾನ ಕಲೀತೀನಿ."

ನಾಲ್ಕು ದಿನ ತರಬೇತಿ ನಡೆದದ್ದು ಮೋತಿಗಲ್ಲ, ಅರವತ್ತೆಂಟರ ಮೈಲಾರಪ್ಪನಿಗೆ. ಹಿಡಿಕೆ ಬಿಗಿಯಾದಾಗಲೆಲ್ಲ ಸಣ್ಣಗೆ ಸದ್ದಾಗುವಂತೆ ಸ್ಫೂರ್ತಿ ಮಾಡಿಕೊಟ್ಟಳು. ಮೊದಲ ದಿನ ಹಿಡಿಕೆ ಬಾಯಿ ಮುಚ್ಚಲೇ ಇಲ್ಲ. ಅವನು ನಾಚಿದ, ಸಿಟ್ಟಾದ, ಹಗ್ಗ ಬಿಸಾಡಿ ಮನೆಗೆ ಹೊರಟೂ ಬಿಟ್ಟ. ಮೂರನೆಯ ದಿನ ಅವನಾಗಿಯೇ ಒಂದು ದಾರಿ ಕಂಡುಕೊಂಡ. ಬೆಳಗಿನ ಮೊದಲ ಬಸ್ಸಿನಲ್ಲಿ ಮಂದಿ ತೂಕಡಿಸುತ್ತಿರುವಾಗ ಅವರಿಗೆ ಎಚ್ಚರವಾಗದ ಹಾಗೆ ಬ್ರೇಕ್ ಒತ್ತುತ್ತಿದ್ದುದು ಅವನಿಗೆ ನೆನಪಾಗಿತ್ತು. ಮೋತಿಯನ್ನೂ ಹಾಗೆ ನಿದ್ದೆಯಲ್ಲಿರುವ ಪ್ರಯಾಣಿಕ ಎಂದುಕೊಂಡು ನಡೆಯುತ್ತೇನೆ ಎಂದ. ಸದ್ದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಶನಿವಾರ ಎದುರಿಗೆ ಬಂದದ್ದು ಮೋತಿಯ ಎರಡರಷ್ಟು ದೊಡ್ಡ ನಾಯಿ. ಮೋತಿ ಕಿವಿ ನಿಮಿರಿಸಿ ಅದನ್ನು ನೋಡಿತು, ಆಮೇಲೆ ತಿರುಗಿ ಮೈಲಾರಪ್ಪನ ಮುಖ ನೋಡಿತು. ಅವನ ತುಟಿ ಅದುರುತ್ತಿತ್ತು. ಹಗ್ಗ ಮಾತ್ರ ಸಡಿಲವಾಗಿಯೇ ಇತ್ತು. ಮೋತಿ ಅವನ ಕಾಲ ಬಳಿ ಕೂತಿತು. ಪಟ್ಟಿಯ ದೀಪ ಒಮ್ಮೆಯೂ ಹತ್ತಲಿಲ್ಲ. ಪರೀಕ್ಷಕರು ಕಾಗದಕ್ಕೆ ಸಹಿ ಹಾಕುವಾಗ ಮೈಲಾರಪ್ಪ ನಾಚಿಕೆಯಿಲ್ಲದೆ ಅತ್ತ.

ಸ್ಫೂರ್ತಿಗೆ ಸಂತೋಷಪಡಲು ಆಗಲಿಲ್ಲ. ಎರಡು ವಾರ ಕೂತು ನಲವತ್ತು ಸಾವಿರ ನಾಯಿಗಳ ದಾಖಲೆಯನ್ನೂ ಅದೇ ರೀತಿ ಹೋಲಿಸಿದಳು. ಹದಿನೇಳು ಸಾವಿರದಲ್ಲಿ ಕೈಯೇ ಮೊದಲು ಬಿಗಿಯಾಗಿತ್ತು. ಯಾರದೋ ಹೆದರಿಕೆಗೆ ಅಷ್ಟು ನಾಯಿಗಳ ಬಾಯಿ ಮುಚ್ಚಿಸಿದ್ದಳು ಆಕೆ.

ಅದೇ ತಿಂಗಳು ಒಂದು ಶಾಲೆಯವರು ಕೆಲವು ತಂದೆತಾಯಿಗಳನ್ನು ಕರೆದುಕೊಂಡು ಬಂದರು. ಪರೀಕ್ಷೆ ಹತ್ತಿರವಾದಾಗ ಮಕ್ಕಳು ನಡುಗುತ್ತಾರೆ, ಊಟ ಬಿಡುತ್ತಾರೆ. ನಾಯಿಗೆ ಕಟ್ಟುವಂಥದ್ದೇ ಒಂದು ಪಟ್ಟಿಯನ್ನು ಮಕ್ಕಳಿಗೂ ಮಾಡಿಕೊಡಬೇಕು ಎಂಬುದು ಅವರ ಕೋರಿಕೆ. ಕೆಟ್ಟವರೇನೂ ಅಲ್ಲ, ಮಕ್ಕಳ ಮೇಲೆ ಜೀವ ಇಟ್ಟವರೇ.

ಸ್ಫೂರ್ತಿ ಎಲ್ಲವನ್ನೂ ಕೇಳಿಸಿಕೊಂಡಳು. "ಮಾಡಿಕೊಡಬಹುದ್ರಿ," ಎಂದಳು. "ಆದ್ರ ಮಾರ್ಕ್ಸ್ ಬರೋ ದಿನ ಮನ್ಯಾಗ ಯಾರ ಎದಿ ಮೊದಲ ಹೊಡ್ಕೋತೈತಿ, ಅದನ್ನ ನೋಡಬೇಕು. ಒಂದು ತಿಂಗಳ ಮಟ್ಟಿಗೆ ಎದಿಬಡಿತ ಅಳೆಯೋ ಪಟ್ಟಿ ನೀವು ಮುಂಗೈಗೆ ಕಟ್ಟಿಕೊಳ್ರಿ."

ಒಬ್ಬರು ಮೊಬೈಲ್ ನೋಡತೊಡಗಿದರು, ಇಬ್ಬರು ಎದ್ದು ಹೊರಗೆ ಹೋದರು. ಆಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಮುಂದೆ ಬಂದು, ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ಚಾಚಿದಳು.