ಚಿಟಿಕೆಯ ಎತ್ತರ

ಅಂಗಡಿಗೆ ಬಂದವಳು ಹಾಸಿಗೆ ಮುಟ್ಟಿ ನೋಡಲಿಲ್ಲ, ಬೆಲೆ ಕೇಳಲಿಲ್ಲ. ಚಪ್ಪಲಿ ಬಿಟ್ಟಳು, ಮಾದರಿಗೆಂದು ಇಟ್ಟಿದ್ದ ಮಂಚದ ಮೇಲೆ ಅಂಗಾತ ಮಲಗಿದಳು, ಕಣ್ಣು ಮುಚ್ಚಿದಳು.

ಏಣಿ ಕೈಯಲ್ಲಿದ್ದ ದಿಂಬನ್ನು ಹಿಡಿದುಕೊಂಡು ಹಾಗೇ ನಿಂತ. ಏಣಿ ಎಂದರೆ ಆ ಹಾಸಿಗೆ ಅಂಗಡಿಯ ವ್ಯಾನ್ ಡ್ರೈವರ್. ಅಟ್ಟದ ಮೇಲಿನ ಸರಕನ್ನು ಸ್ಟೂಲ್ ಇಲ್ಲದೆ ಇಳಿಸುವಷ್ಟು ಉದ್ದದ ಆಳು, ಹಾಗಾಗಿ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಯಜಮಾನರು ಊಟಕ್ಕೆ ಹೋದರೆ ಅಂಗಡಿ ಇವನ ತಲೆಯ ಮೇಲೆ.

"ಮೇಡಂ, ಅದು ಡಬಲ್ ಕಾಟ್. ಮದುವೆಗೆ ತಾನೇ? ಹುಡುಗನ್ನೂ ಕರ್ಕೊಂಡು ಬಂದಿದ್ರೆ ಚೆನ್ನಾಗಿತ್ತು."

"ಮದುವೆ ಆದ್ರೆ ಸೇರಿಸ್ಕೊಳ್ಳಲ್ಲ," ಕಣ್ಣು ಮುಚ್ಚಿಕೊಂಡೇ ಹೇಳಿದಳು.

"ಯಾರು?"

"ಮಿಲಿಟರಿ ಅಕಾಡೆಮಿಯೋರು. ನಿಮ್ಮಲ್ಲಿ ಎಲ್ಲಕ್ಕಿಂತ ಗಟ್ಟಿ ಹಾಸಿಗೆ ಯಾವುದು? ಕಲ್ಲಿನ ಥರ ಇರ್ಬೇಕು."

"ಅದಕ್ಕೆ ಹಾಸಿಗೆ ಯಾಕೆ ಮೇಡಂ? ನೆಲ ಪುಕ್ಕಟೆ ಸಿಗುತ್ತಲ್ಲ."

ಅವಳು ಒಂದೇ ಒಂದು ಕಣ್ಣು ತೆರೆದು ಅವನನ್ನು ಬುಡದಿಂದ ತುದಿಯವರೆಗೆ ನೋಡಿದಳು. ಹುಡುಗಿಯೊಬ್ಬಳು ತನ್ನನ್ನು ಇಷ್ಟು ನಿಧಾನವಾಗಿ ನೋಡುತ್ತಿದ್ದಾಳೆ ಎಂದು ಏಣಿಯ ಕಿವಿ ಬಿಸಿಯಾಯಿತು. ಪಾಪ, ಅದು ಮೆಚ್ಚುಗೆಯಲ್ಲ, ಬರೀ ಹೊಟ್ಟೆಕಿಚ್ಚು.

"ನಿಮಗೆ ಸುರಿದಿದ್ರಲ್ಲಿ ಅರ್ಧ ಸೆಂಟಿಮೀಟರ್ ನಂಗೆ ಹಾಕಿದ್ರೆ ದೇವರ ಗಂಟೇನು ಹೋಗ್ತಿತ್ತು?" ಎಂದಳು.

ವಿಷಯ ಇಷ್ಟು. ಹುಡುಗಿ ಅಕಾಡೆಮಿಯ ಲಿಖಿತ ಪರೀಕ್ಷೆ ಪಾಸು, ಇಂಟರ್‌ವ್ಯೂ ಪಾಸು. ಮೆಡಿಕಲ್‌ನಲ್ಲಿ ಎತ್ತರ ಅಳೆದಾಗ ಅರ್ಧ ಸೆಂಟಿಮೀಟರ್ ಸಾಲಲಿಲ್ಲ. ದೂರದ ಊರಿನ ಮಿಲಿಟರಿ ಆಸ್ಪತ್ರೆಯಲ್ಲಿ ಇನ್ನೊಂದೇ ಒಂದು ಸಲ ಅಳೆಯುತ್ತಾರೆ. ಅಲ್ಲೂ ಸಾಲದಿದ್ದರೆ ಮುಗಿಯಿತು, ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ. ಬೀದಿಯವರು ಅವಳನ್ನು ಕರೆಯುತ್ತಿದ್ದದ್ದೇ ಚಿಟಿಕೆ ಎಂದು. ಶಾಲೆಯ ಮೈದಾನದಲ್ಲಿ ಎತ್ತರದ ಪ್ರಕಾರ ನಿಲ್ಲಿಸಿದಾಗಲೆಲ್ಲ ಸಾಲಿನ ತುತ್ತತುದಿಯಲ್ಲಿ ಇವಳೇ. ಆದರೆ ಒಂದು ದಿನ ಕಮಾಂಡ್ ಕೊಡಬೇಕಿದ್ದವಳಿಗೆ ಗಂಟಲು ಕಟ್ಟಿ, ಇವಳು ಮುಂದೆ ಬಂದು ಕೂಗಿದಳು. ಇಡೀ ಮೈದಾನ ಒಂದೇ ಸಲಕ್ಕೆ ಬಲಕ್ಕೆ ತಿರುಗಿತು. ಅವತ್ತಿನಿಂದ ಅವಳಿಗೆ ಬೇರೇನೂ ಬೇಡವಾಯಿತು.

"ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತಾರಲ್ಲ ಮೇಡಂ," ಏಣಿ ಸಮಾಧಾನ ಹೇಳಲು ಹೋದ.

"ಆ ಗಾದೆ ಮಾಡಿದೋನು ಸಿಕ್ಕಿದ್ರೆ ಹೇಳಿ, ಒದೀಬೇಕು."

ಅವನಿಗೆ ನಗು ಬಂತು, ಅವಳಿಗೂ ಬಂತು. ಅಲ್ಲಿಗೆ ಏಣಿ ಕೆಟ್ಟ.

ಮನುಷ್ಯ ಬೆಳಗ್ಗೆ ಏಳುವಾಗ ಉದ್ದ, ಸಂಜೆಗೆ ಗಿಡ್ಡ. ದಿನವಿಡೀ ಕೂತು ನಿಂತು ಬೆನ್ನುಮೂಳೆ ಒತ್ತಿಕೊಳ್ಳುತ್ತದೆ, ಗಟ್ಟಿ ಹಾಸಿಗೆಯ ಮೇಲೆ ನೆಟ್ಟಗೆ ಮಲಗಿದರೆ ಬಿಚ್ಚಿಕೊಳ್ಳುತ್ತದೆ ಎಂದು ಅವಳು ಓದಿಕೊಂಡಿದ್ದಳು. ಮೊದಲ ಸಲ ಅಳೆಯುವ ಹೊತ್ತಿಗೆ ಬಸ್ಸಿನಲ್ಲಿ ಕುಕ್ಕರಿಸಿ, ಕ್ಯೂನಲ್ಲಿ ನಿಂತು ಮಧ್ಯಾಹ್ನ ಕಳೆದಿತ್ತಂತೆ.

"ನಮ್ಮ ಫೋಮ್ ಥರಾನೇ ಬಿಡಿ. ಮೇಲೆ ಕೂತ್ರೆ ಕುಗ್ಗುತ್ತೆ, ಬಿಟ್ರೆ ಉಬ್ಬುತ್ತೆ," ಎಂದ ಏಣಿ.

"ನನ್ನನ್ನ ಫೋಮ್ ಅಂತೀರಾ?"

"ಒಳ್ಳೇ ಕ್ವಾಲಿಟಿ ಫೋಮು."

ಆಮೇಲೆ ದಿನಾ ಬೆಳಗ್ಗೆ ಏಣಿ ವ್ಯಾನ್ ತೊಳೆಯಲು ಶಟರ್ ಎತ್ತುವ ಹೊತ್ತಿಗೆ ಅವಳು ಹಾಜರು. ಗೋದಾಮಿನ ಕಂಬಕ್ಕೆ ಅವನು ಅಳತೆ ಟೇಪು ಅಂಟಿಸಿದ್ದ. ಅವಳು ಹಿಮ್ಮಡಿ ಕೂಡಿಸಿ, ಬೆನ್ನು ಕಂಬಕ್ಕೆ ಒತ್ತಿ, ಗಲ್ಲ ನೇರ ಮಾಡಿ ನಿಲ್ಲುವಳು. ಅವನು ನೆತ್ತಿಯ ಮೇಲೆ ರಟ್ಟು ಇಟ್ಟು, ಸೊಂಟ ಬಗ್ಗಿಸಿ ಅಂಕಿ ಓದುವನು. ಸೋಪಿನ ವಾಸನೆ, ಒದ್ದೆ ಕೂದಲು, ರೆಪ್ಪೆಯ ಮೇಲೊಂದು ಹತ್ತಿಯ ಎಳೆ. ಅಂಕಿ ಓದಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

"ಉಸಿರು ಬಿಡಬೇಡಿ," ಎನ್ನುವನು.

"ನಾನೆಲ್ಲಿ ಬಿಡ್ತಿದೀನಿ? ನೀವೇ ಬಿಡ್ತಿರೋದು, ನನ್ನ ಹಣೆ ಮೇಲೆ."

ನೀವು ಹೋಗಿ ನೀನು ಬಂದದ್ದು ಯಾವ ದಿನವೋ ಇಬ್ಬರಿಗೂ ತಿಳಿಯಲಿಲ್ಲ. ಇಡೀ ಬೀದಿಯಲ್ಲಿ ಇನ್ಯಾರೂ ಸಿಗಲಿಲ್ಲವೇನೋ ಮಾರಾಯ ಎಂದು ಅವನು ತನ್ನನ್ನೇ ಬೈದುಕೊಂಡ. ಟ್ರೈನಿಂಗ್ ಮುಗಿಯುವ ತನಕ ಮದುವೆಯ ಮಾತಿಲ್ಲ, ಮುಗಿದ ಮೇಲೆ ಅವಳು ಆಫೀಸರ್, ಇವನು ಹಾಸಿಗೆ ಹೊರುವವನು. ಎತ್ತರ ಸಾಲಿದರೆ ಅವಳು ಹೋಗುತ್ತಾಳೆ. ಸಾಲದಿದ್ದರೆ ಇಲ್ಲೇ ಇರುತ್ತಾಳೆ, ಆದರೆ ಕಂಬಕ್ಕೆ ಒತ್ತಿ ನಿಲ್ಲುವ ಈ ಹುಡುಗಿ ಇರುವುದಿಲ್ಲ. ಅತ್ತ ದರಿ, ಇತ್ತ ಪುಲಿ. ದಿನಾ ಅಂಕಿ ಓದುವಾಗ ಅವನ ಎದೆ ಎರಡು ಕಡೆಗೂ ಹೊಡೆದುಕೊಳ್ಳುತ್ತಿತ್ತು.

ಎದ್ದು, ಸ್ನಾನ ಮುಗಿಸಿ ನೇರ ಬಂದರೆ ಅಳತೆ ಸರಿಯಾಗಿ ಬರುತ್ತಿತ್ತು. ತಿಂಡಿ ತಿಂದು, ಸ್ವಲ್ಪ ಓಡಾಡಿ ಬಂದರೆ ಇಲ್ಲ. ಆಸ್ಪತ್ರೆಗೋ ಮೂರು ಗಂಟೆಯ ದಾರಿ.

"ಕೂತ್ಕೊಂಡು ಹೋದ್ರೆ ಅಲ್ಲಿ ಸೇರೋ ಹೊತ್ತಿಗೆ ನಾನು ಮತ್ತೆ ಚಿಟಿಕೆ," ಎಂದಳು. ಅವತ್ತು ತಮಾಷೆಯ ದನಿ ಇರಲಿಲ್ಲ. ತುಟಿ ಕಚ್ಚಿಕೊಂಡಿದ್ದಳು.

"ಮಲಗ್ಕೊಂಡು ಹೋಗು," ಎಂದುಬಿಟ್ಟ ಏಣಿ. "ನಮ್ಮ ವ್ಯಾನಲ್ಲಿ. ಗಟ್ಟಿ ಹಾಸಿಗೆ ಹಾಕ್ತೀನಿ. ಮನೆಯಿಂದ ಎತ್ಕೊಂಡು ಹೋಗಿ ಅಲ್ಲಿ ಇಳಿಸ್ತೀನಿ. ನಮ್ಮ ಕೆಲಸಾನೇ ಅದಲ್ವಾ?"

ಅವಳು ಅವನನ್ನೇ ನೋಡಿದಳು. ಈ ಸಲ ಬುಡದಿಂದ ತುದಿಯವರೆಗೆ ಅಲ್ಲ, ಬರೀ ಕಣ್ಣನ್ನು. ಅವನು ಕಂಬದ ಟೇಪು ಸರಿಮಾಡುವ ನೆಪ ಮಾಡಿ ಆಚೆ ತಿರುಗಿದ.

ಯಜಮಾನರು ಗೊಣಗಿಕೊಂಡೇ ಗಾಡಿ ಕೊಟ್ಟರು. ಅಳತೆಯ ದಿನ ಇನ್ನೂ ಬೆಳಕು ಹರಿಯುವ ಮುಂಚೆ ಏಣಿ ಅವಳ ಮನೆಗೆ ಹೋದ. ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ತಾಯಿಗೆ ಹೊಲಿಗೆ ಕೆಲಸ, ಮಗಳಷ್ಟೇ ಎತ್ತರ, ಮಗಳಿಗಿಂತ ಹೆಚ್ಚು ಮೊಂಡು. ಏಣಿ ಎಷ್ಟೋ ಸಾವಿರ ಹಾಸಿಗೆ ಹೊತ್ತವನು, ಮೇಲೊಬ್ಬಳು ಮಲಗಿರುವ ಹಾಸಿಗೆ ಇದೇ ಮೊದಲು. ಒಂದು ತುದಿಗೆ ಇವನು, ಇನ್ನೊಂದಕ್ಕೆ ತಾಯಿ. ಹಾಸಿಗೆ ಜಾರುಬಂಡಿಯಾಯಿತು.

"ಅಮ್ಮಾ, ಎತ್ತಿ ಹಿಡಿಯೇ, ಜಾರ್ತಿದೀನಿ!"

"ಜಾರು. ನಂಗೇನು ನೀನು ಹೋಗ್ಬೇಕು ಅಂತ ಇದ್ಯಾ?"

ಏಣಿ ಮೊಣಕಾಲು ಬಗ್ಗಿಸಿ, ಕುಕ್ಕರಗಾಲಲ್ಲೇ ಬಾಗಿಲು ದಾಟಿದ. ಮಲಗಿದ್ದವಳು ತಲೆಯ ಮೇಲಿದ್ದ ಅವನ ಮುಖವನ್ನು ತಲೆಕೆಳಗಾಗಿ ನೋಡಿ ಕಿಸಕ್ಕನೆ ನಕ್ಕಳು. "ನಗಬೇಡ, ಕುಗ್ತೀಯ," ಎಂದ.

ವ್ಯಾನ್ ಹೊರಟಿತು. ಹಿಂದೆ ಅವಳು, ಮುಂದೆ ಇವನ ಪಕ್ಕ ತಾಯಿ. ನಡುವಿನ ತಗಡಿನಲ್ಲಿ ಒಂದು ಚಿಕ್ಕ ಜಾರುವ ಗಾಜು. ಊರು ದಾಟಿದ ಮೇಲೆ ತಾಯಿ ಕೈ ಚಾಚಿ ಆ ಗಾಜನ್ನು ಎಳೆದು ಮುಚ್ಚಿದರು.

"ಮುಂದೆ ರಸ್ತೆ ಎರಡಾಗುತ್ತಲ್ಲಪ್ಪ?"

"ಹೌದಮ್ಮ. ಬಲಕ್ಕೆ ಹೊಸ ರಸ್ತೆ, ನುಣ್ಣಗಿದೆ. ಎಡಕ್ಕೆ ಹಳೇದು, ಬರೀ ಹಳ್ಳದಿಣ್ಣೆ."

"ಹಳೇದ್ರಲ್ಲೇ ಹೋಗು."

ಏಣಿ ತಿರುಗಿ ನೋಡಿದ.

"ಹಾಗೇನು ನೋಡ್ತೀಯ? ನಾಲ್ಕು ಹಳ್ಳಕ್ಕೆ ಎತ್ತಿ ಹಾಕಿದ್ರೆ ಅರ್ಧ ಸೆಂಟಿಮೀಟರ್ ತಾನಾಗೇ ಹೋಗುತ್ತೆ. ಯಾರ ತಪ್ಪೂ ಅಲ್ಲ. ಒಂದು ವಾರ ಅಳ್ತಾಳೆ, ಆಮೇಲೆ ಮರೀತಾಳೆ. ನಂಗಿರೋದು ಒಬ್ಬಳೇ ಕಣಪ್ಪಾ. ಗಡಿಯಲ್ಲಿ ನಿಲ್ಲಿಸೋಕೆ ಹೆತ್ತಿದ್ನಾ?" ದನಿ ಒಡೆಯಿತು, ತಕ್ಷಣ ಗಟ್ಟಿಯಾಯಿತು. "ನಿಂಗೂ ಅದೇ ಬೇಕಲ್ವಾ? ನಂಗೇನು ಕಣ್ಣಿಲ್ಲ ಅಂದ್ಕೊಂಡ್ಯಾ? ದಿನಾ ಬೆಳಗ್ಗೆ ಅಳೆಯೋದಂತೆ, ಅಳೆಯೋದು! ಅವಳು ಇಲ್ಲೇ ಉಳಿದ್ರೆ ನಾನು ಬೇಡ ಅನ್ನಲ್ಲ."

ಅಯ್ಯೋ, ಬೇಡಿಕೊಂಡಿದ್ದನ್ನು ಹೀಗೆ ತಟ್ಟೆಯಲ್ಲಿಟ್ಟು ಕೊಟ್ಟರೆ ಮನುಷ್ಯ ಏನು ಮಾಡಬೇಕು? ಎಡಕ್ಕೆ ಒಂದು ಸಲ ತಿರುಗಿಸಿದರೆ ಸಾಕು. ಬಾಡಿಗೆಯದಾದರೂ ಎರಡು ಕೋಣೆಯ ಮನೆ, ಬೆಳಗ್ಗೆ ಒದ್ದೆ ಕೂದಲು, ಸಂಜೆ ಜಗಳ, ಎಲ್ಲವೂ ಆ ಹಳ್ಳಗಳ ಆಚೆಗಿತ್ತು. ಆದರೆ ಹಿಂದೆ ಅವಳು ಕೈಕಾಲು ನೀಡಿ, ಕಣ್ಣು ಮುಚ್ಚಿ, ಇವನನ್ನು ನಂಬಿ ಮಲಗಿದ್ದಾಳೆ ಎಂಬುದಷ್ಟೇ ನೆನಪಾಯಿತು.

ಗಾಡಿ ಬಲಕ್ಕೆ ತಿರುಗಿತು.

"ತಪ್ಪಾಯ್ತಮ್ಮ," ಎಂದ. "ನನ್ನ ಕೈಲಾಗಲ್ಲ."

ತಾಯಿ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡರು. ಉಳಿದ ದಾರಿಯುದ್ದಕ್ಕೂ ಅವನು ಮೊಟ್ಟೆ ತುಂಬಿದ ಬುಟ್ಟಿ ಸಾಗಿಸುವವನಂತೆ ಓಡಿಸಿದ. ಹಿಂದಿನಿಂದ ಲಾರಿಯವರು ಹಾರ್ನ್ ಹೊಡೆದು ಬೈದರು. ಬೈಸಿಕೊಂಡ.

ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ಹಿಂದಿನ ಬಾಗಿಲು ತೆಗೆಸಿದ. "ಪೇಷೆಂಟಾ?"

"ಅಲ್ಲ ಸಾರ್, ಕ್ಯಾಂಡಿಡೇಟ್," ಮಲಗಿದ್ದಲ್ಲಿಂದಲೇ ಅವಳು ಕಂಚಿನಂಥ ದನಿಯಲ್ಲಿ ಹೇಳಿದಳು. ಕಾವಲಿನವನು ತನಗೇ ಗೊತ್ತಿಲ್ಲದೆ ಸೆಟೆದು ನಿಂತ. ಗಾಡಿಯನ್ನು ಮೆಟ್ಟಿಲವರೆಗೂ ಬಿಟ್ಟ.

ಅವಳು ಎದ್ದು, ತಲೆಯ ಮೇಲೆ ತುಂಬಿದ ಕೊಡವಿದೆಯೇನೋ ಎಂಬಂತೆ ನಡೆದು ಒಳಗೆ ಹೋದಳು. ಇವರಿಬ್ಬರೂ ಮೆಟ್ಟಿಲ ಮೇಲೆ ಕೂತರು. ದೇವರನ್ನು ಬೇಡಲು ಕಣ್ಣು ಮುಚ್ಚಿದ ಏಣಿಗೆ ಏನು ಕೇಳಬೇಕೆಂದೇ ಹೊಳೆಯಲಿಲ್ಲ. ಪಕ್ಕದಲ್ಲಿ ತಾಯಿಯ ತುಟಿಯೂ ಅಲುಗಿ ಅಲುಗಿ ನಿಲ್ಲುತ್ತಿತ್ತು.

ಬಾಗಿಲು ತೆರೆಯಿತು. ಅವಳ ಕಣ್ಣು ಕೆಂಪಗಿತ್ತು.

"ಬಂತು," ಎಂದಳು. "ಎರಡು ಸಲ ಅಳೆದ್ರು. ಬಂತು. ಮುಂದಿನ ಸೋಮವಾರ ಅಕಾಡೆಮಿಗೆ ಸೇರ್ಬೇಕಂತೆ."

ತಾಯಿ ಅವಳ ತೋಳಿಗೆ ಪಟಾರನೆ ಒಂದು ಏಟು ಕೊಟ್ಟು, ಅದೇ ತೋಳು ಹಿಡಿದುಕೊಂಡು ಅತ್ತರು. ಏಣಿ ದೊಡ್ಡದಾಗಿ ನಕ್ಕ. ಅಷ್ಟು ದೊಡ್ಡದಾಗಿ ನಗುವಂಥದ್ದೇನೂ ಇರಲಿಲ್ಲ.

ಹೊರಡುವಾಗ ತಾಯಿ ಮುಂದಿನ ಸೀಟಿಗೆ ಹತ್ತಲಿಲ್ಲ. "ನಂಗೆ ಬೆನ್ನು ನೋವು. ಹಿಂದೆ ಮಲಗ್ತೀನಿ. ನೀವಿಬ್ಬರೂ ಮುಂದೆ ಕೂತ್ಕೊಳ್ಳಿ," ಎಂದು ಹೋಗಿ ಬದಿಯ ತಗಡಿನ ಕಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಅವಳು ಪಕ್ಕದಲ್ಲಿ ಕೂತಳು. ಈಗ ಎಷ್ಟು ಕುಗ್ಗಿದರೂ ಪರವಾಗಿಲ್ಲ, ಮುದುಡಿಕೊಂಡೇ ಕೂತಳು. ಗಾಡಿ ಹೊರಟಿತು.

"ಆ ಗಾಜು ಪೂರ್ತಿ ಮುಚ್ಚಲ್ಲ," ಎಂದಳು. "ಅಮ್ಮ ಹೇಳಿದ್ದೆಲ್ಲ ಕೇಳಿಸ್ತು."

ಏಣಿ ರಸ್ತೆಯನ್ನೇ ನೋಡಿದ.

"ಎಡಕ್ಕೆ ತಿರುಗಿಸ್ತೀಯೋ ಬಲಕ್ಕೋ ಅಂತ ಉಸಿರು ಹಿಡಿದು ಮಲಗಿದ್ದೆ ಕಣೋ. ಎಡಕ್ಕೆ ತಿರುಗಿಸಿದ್ರೆ ಈ ಜನ್ಮದಲ್ಲಿ ನಿನ್ನ ಮುಖ ನೋಡ್ತಿರಲಿಲ್ಲ. ಆರಾಮಾಗಿ ಮರೆತುಬಿಡ್ತಿದ್ದೆ." ಅಂಗೈಯಿಂದ ಮೂಗು ಒರೆಸಿಕೊಂಡಳು. "ನೀನು ಬಲಕ್ಕೆ ತಿರುಗಿಸಿಬಿಟ್ಟೆ. ಈಗ ನಾನು ಹೇಗೆ ಬಿಟ್ಟು ಹೋಗ್ಲಿ ಹೇಳು?"

ಅವನು ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದ. ಕಣ್ಣು ಮಂಜಾಗಿ ರಸ್ತೆ ಕಾಣುತ್ತಿರಲಿಲ್ಲ.

"ಇಷ್ಟ ಅಂತ ಒಂದು ದಿನಾನೂ ಬಾಯಿಬಿಟ್ಟು ಹೇಳಲಿಲ್ಲ ನೀನು," ಎಂದಳು.

"ಹೇಳಿದ್ರೆ ನೀನು ಕುಗ್ತೀಯ ಅನ್ನಿಸ್ತು."

"ದಡ್ಡ."

"ಇಷ್ಟ. ತುಂಬಾ ಇಷ್ಟ. ಏನು ಮಾಡ್ಬೇಕೋ ಗೊತ್ತಾಗ್ತಿಲ್ಲ."

"ನಂಗೂ ಅಷ್ಟೇ," ಎಂದಳು. ಅವನ ಉದ್ದನೆಯ ಬೆರಳುಗಳ ನಡುವೆ ತನ್ನ ಪುಟ್ಟ ಕೈ ತೂರಿಸಿದಳು. "ಒಂದು ಸಲ ಹೋಗಬೇಡ ಅನ್ನು. ನಾನು ಹೋಗೇ ಹೋಗ್ತೀನಿ. ಆದ್ರೂ ಅನ್ನು. ಕೇಳಿಸ್ಕೊಂಡು ಹೋಗ್ಬೇಕು."

ಅವನು ಆ ಪುಟ್ಟ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಹೋಗಬೇಡ," ಎಂದ.

"ಇನ್ನೊಂದು ಸಲ."

"ಹೋಗಬೇಡ ಕಣೇ."

ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಆಮೇಲೆ ಬೆನ್ನು ನೇರ ಮಾಡಿ, ಗಲ್ಲ ಎತ್ತಿ ಕೂತಳು.

"ಸರಿ," ಎಂದಳು. "ನಡಿ, ಹೋಗೋಣ. ಬಟ್ಟೆ ಜೋಡಿಸ್ಕೋಬೇಕು."