ಎಲೆಯ ಕೆಳಗಿನ ನೇರಳೆ ಚುಕ್ಕಿ

"ಕೈ ತೆಗೀರಿ! ಯಾರು ನೀವು? ಅದರ ಮೇಲಿಂದ ಕೈ ತೆಗೀರಿ ಅಂದೆ!"

ಕನ್ನಡಕದ ಅಂಗಡಿಯಲ್ಲಿ ಕೆಲಸ ಮುಗಿಸಿ ಬಂದವಳು ಹೆಗಲಿನ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ಕೂಗಿದಳು. ಕಿಟಕಿಯ ಹತ್ತಿರ ಗುರುತಿಲ್ಲದ ಗಂಡಸೊಬ್ಬ ಬ್ಲೇಡು ಹಿಡಿದು ನಿಂತಿದ್ದ. ಇನ್ನೊಂದು ಕೈಯಲ್ಲಿ ಅಮ್ಮನ ಚಪ್ಪಲಿ ಆರ್ಕಿಡ್ಡಿನ ಎಲೆ...

ಕತ್ತರಿಸಿ ಆಗಿತ್ತು!

ಚಪ್ಪಲಿಯ ತುದಿಯಂಥ ಪುಟ್ಟ ಚೀಲ ಹೊತ್ತು ಅರಳುವ ಆ ಹೂವಿನ ಗಿಡವನ್ನು ಅಮ್ಮ ಮಗುವಿನ ಹಾಗೆ ಸಾಕಿದ್ದರು. ಅಮ್ಮ ಹೋದ ಮೇಲೆ ಅವರದೆಂದು ಆ ಮನೆಯಲ್ಲಿ ಉಸಿರಾಡುತ್ತಿದ್ದದ್ದು ಆ ಗಿಡ ಒಂದೇ.

"ಯಾಕೇ ಹಾಗೆ ಕಿರುಚ್ತೀಯ? ನಾನೇ ಕರೆಸಿದ್ದು," ಎನ್ನುತ್ತ ಸೋದರತ್ತೆ ಒಳಗಿನಿಂದ ಬಂದರು. "ನರ್ಸರಿಯವರು. ಗಿಡದ ಡಾಕ್ಟರು."

"ಬೈಯೋದಾದ್ರೆ ಬೈರಿ," ಅಂದ ಅವನು ಮೆಲ್ಲಗೆ. "ಮೊದಲು ಈ ಕಲೆ ಮುಟ್ಟಿ ನೋಡಿ."

ಮುಟ್ಟಿದಳು. ಕಂದು ಕಲೆ ನೀರಲ್ಲಿ ನೆನೆದ ಕಾಗದದಂತೆ ಮೆತ್ತಗಿತ್ತು.

"ಬಿಸಿಲಿಗೆ ಸುಟ್ಟಿದ್ರೆ ಒಣಗಿರೋದು. ಬೂಷ್ಟಾಗಿದ್ರೆ ಸುತ್ತ ಬಳೆ ಬಳೆ ಕಾಣೋದು. ಇದು ಒದ್ದೆ ಕೊಳೆ. ನಡುವಿನ ಸುಳಿಗೆ ಇಳಿದ್ರೆ ಗಿಡ ಉಳಿಯಲ್ಲ. ಮೇಲಿಂದ ನೀರು ಹುಯ್ಯೋರು ಯಾರು?"

ಅತ್ತೆ ಸೂರು ನೋಡತೊಡಗಿದರು.

ಅವನು ಕತ್ತರಿಸಿದ ಜಾಗಕ್ಕೆ ಚಕ್ಕೆ ಪುಡಿ ಸವರಿದ.

"ಮಸಾಲೆನೂ ಹಾಕಿದ್ರಲ್ಲಪ್ಪ... ಒಲೆ ಹಚ್ಚಲಾ?" ಅಂದರು ಅತ್ತೆ.

ಸಿಟ್ಟಿನಲ್ಲಿದ್ದವಳಿಗೂ ನಗು ಬಂದುಬಿಟ್ಟಿತು. ಅವನು ಆ ನಗುವನ್ನು ನೋಡಿದ. ನೋಡಬಾರದಿತ್ತೇನೋ... ಆಮೇಲೆ ವಾರವಾರವೂ ಬಂದ.

ಮೂಲೆಯಲ್ಲಿ ಸಣ್ಣ ಫ್ಯಾನು ಇರಿಸಿದ. ಬೆಳಗ್ಗೆ ಮಾತ್ರ, ಬುಡಕ್ಕೆ ಮಾತ್ರ ನೀರು ಅಂತ ಅತ್ತೆಗೆ ಕಟ್ಟಪ್ಪಣೆ ಮಾಡಿದ. ಬೇರೆ ಕುಂಡಗಳ ಕಲೆಗಳನ್ನೂ ಕತ್ತರಿಸಿದ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬ್ಲೇಡನ್ನು ಲೈಟರಿನ ಉರಿಗೆ ಹಿಡಿಯುತ್ತಿದ್ದ. ಒಂದರ ರೋಗ ಇನ್ನೊಂದಕ್ಕೆ ಹತ್ತಬಾರದಲ್ಲ!

ಅಂಗಡಿಗೆ ಬರುವ ಗಿರಾಕಿಗಳ ಕಥೆಗಳನ್ನು ಅವಳು ಹೇಳುತ್ತಿದ್ದಳು. ಅವನು ಕೆಲಸ ನಿಲ್ಲಿಸಿ ಕೇಳುತ್ತಿದ್ದ.

ಒಂದು ಸಂಜೆ ಅಮ್ಮನ ಗಿಡವನ್ನು ಎತ್ತಿಕೊಂಡ. "ಸ್ವಲ್ಪ ದಿನ ನರ್ಸರಿಲಿ ಇಟ್ಕೊಳ್ತೀನಿ. ಅಲ್ಲಿ ಗಾಳಿ ಚೆನ್ನಾಗಿದೆ," ಅಂದ. ಬಾಗಿಲ ಹತ್ತಿರ ನಿಂತು ಕೇಳಿದ, "ನನ್ನನ್ನ ಮದುವೆ ಆಗ್ತೀರಾ?"

ಅವಳು ಎಲೆಯೊಂದನ್ನು ಬೆರಳಲ್ಲಿ ಸವರಿದಳು. "ಗಿಡ ವಾಪಸ್ ತನ್ನಿ... ಆಮೇಲೆ ಹೇಳ್ತೀನಿ."

ತಂದ. ಒಂದೂ ಕಲೆಯಿಲ್ಲದೆ ಎಲೆಗಳು ಫಳಫಳ ಹೊಳೆಯುತ್ತಿದ್ದವು. ಮರುದಿನ ಅವನು ಉತ್ತರಕ್ಕೆಂದು ಬರುವವನಿದ್ದ. ಬೆಳಗ್ಗೆ ಅವಳು ಹಾಡು ಗುನುಗುತ್ತ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಒಂದು ಎಲೆ ಮಗುಚಿದಳು... ಇನ್ನೊಂದು ಮಗುಚಿದಳು.

ಹಾಡು ನಿಂತುಹೋಯಿತು.

ಅಮ್ಮನ ಗಿಡದ ಎಲೆಗಳ ಬುಡದಲ್ಲಿ, ಕೆಳಮಗ್ಗುಲಿಗೆ, ನೇರಳೆ ಚುಕ್ಕಿಗಳಿದ್ದವು. ಚಿಕ್ಕವಳಿದ್ದಾಗ ಅಮ್ಮನ ತೊಡೆ ಮೇಲೆ ಕೂತು ಬೆರಳಿಟ್ಟು ನೋಡಿದ ಚುಕ್ಕಿಗಳು. ಇಲ್ಲಿ ಬರೀ ಹಸಿರು.

ಅವನು ನಗುನಗುತ್ತ ಬಂದ.

"ನಮ್ಮಮ್ಮನ ಗಿಡ ಎಲ್ಲಿ?"

ಅವನ ಮುಖ ಬಿಳಿಚಿಕೊಂಡಿತು.

"ಕೊಳೆತುಹೋಯ್ತು... ನನ್ನಿಂದಲೇ. ಇಲ್ಲೇ ಒಂದಿನ, ಬೇರೆ ಕುಂಡದ ರೋಗದ ಗಿಡ ಕತ್ತರಿಸಿದ ಬ್ಲೇಡಲ್ಲೇ ಅದನ್ನೂ ಕತ್ತರಿಸಿಬಿಟ್ಟೆ. ಉರಿಗೆ ಹಿಡಿಯೋದು ಮರೆತೆ. ನೀವು ಏನೋ ಹೇಳಿ ನಗ್ತಾ ಇದ್ರಿ..."

"ಅಂದ್ರೆ ನಾನು ನಕ್ಕಿದ್ದೇ ತಪ್ಪು!"

"ಅಯ್ಯೋ, ಹಾಗಲ್ಲ..."

"ಕೈತಪ್ಪು ಯಾರಿಗಾದ್ರೂ ಆಗುತ್ತೆ. ಬಂದು ಹೇಳಿದ್ರೆ ಅತ್ತು ಸುಮ್ಮನಾಗ್ತಿದ್ದೆ. ನೀವು ಬೇರೆ ಗಿಡ ತಂದಿಟ್ಟು, ಇದೇ ನಿಮ್ಮಮ್ಮಂದು ಅಂತ ಕೊಟ್ರಿ! ನಾನು ಅದರ ಮುಂದೆ ನಿಂತು ಅಮ್ಮನ ಹತ್ರ ಮಾತಾಡಿದೆ ರೀ... ನಿಮ್ಮನ್ನ ಒಪ್ಕೊಳ್ಳಲಾ ಅಂತ ಕೇಳಿದೆ! ಹೋಗಿ. ಇನ್ಮೇಲೆ ಈ ಮನೆ ಬಾಗಿಲಿಗೆ ಬರಬೇಡಿ."

ಹೋದ.

ಆಮೇಲಿನ ದಿನಗಳು ಹೇಗೆ ಕಳೆದವೋ! ಅಂಗಡಿಯಲ್ಲಿ ಒಬ್ಬರ ಗಾಜನ್ನು ಇನ್ನೊಬ್ಬರ ಫ್ರೇಮಿಗೆ ಹಾಕಿ ಬೈಸಿಕೊಂಡಳು. ಮನೆಗೆ ಬಂದರೆ ಆ ಸುಳ್ಳು ಗಿಡ ಕಿಟಕಿಯಲ್ಲಿ ಹಾಯಾಗಿ ಕೂತಿರುತ್ತಿತ್ತು. *ಅವನು ಹೇಳಿದ ಯಾವ ಮಾತು ನಿಜ? ಪ್ರೀತಿಯೂ ಹೀಗೇ ಬದಲಿ ತಂದಿಟ್ಟದ್ದಾ?*

"ಊಟಕ್ಕೆ ಬಾ," ಅಂದರು ಅತ್ತೆ.

"ಹಸಿವಿಲ್ಲ."

"ಅವನ ಮೇಲಿನ ಸಿಟ್ಟು ನನ್ನ ಅಡುಗೆ ಮೇಲೆ ಯಾಕೇ?" ಅತ್ತೆ ಪಕ್ಕ ಕೂತರು. "ಆ ಗಿಡ ಕಣ್ಮುಂದೆ ಇಟ್ಕೊಂಡು ಯಾಕೆ ಬೇಯ್ತೀಯ? ಒಯ್ದು ಅವನಿಗೇ ಕೊಟ್ಟು ಬಾ ಹೋಗು."

ಕುಂಡ ಎತ್ತಿಕೊಂಡು ಹೊರಟಳು. ನರ್ಸರಿಯ ಗಾಜಿನ ಕೋಣೆಯಲ್ಲಿ ಅವನು ಬೆನ್ನು ತಿರುಗಿಸಿ ನಿಂತಿದ್ದ. ಅವಳು ಕುಂಡವನ್ನು ಮೇಜಿನ ಮೇಲೆ ಕುಕ್ಕಿದಳು.

"ತಗೊಳ್ಳಿ ನಿಮ್ಮ ಗಿಡ!"

ತಿರುಗಿದ. ಸೊರಗಿದ್ದ. ಅವನ ಮುಂದೆ ಅಂಗೈಯಗಲದ ಕುಂಡದಲ್ಲಿ ಎರಡೇ ಎಲೆಯ ಒಂದು ಮರಿ ಇತ್ತು.

"ಇದು...?"

"ನಿಮ್ಮಮ್ಮನ ಗಿಡದ್ದು. ಪಕ್ಕದಲ್ಲಿ ಒಡೆದಿದ್ದ ಮರಿ. ತಾಯಿ ಕೊಳೀತಿದ್ದಾಗ ಬಿಡಿಸಿದೆ."

ಅವಳು ಎಲೆ ಮಗುಚಿದಳು: ಬುಡದಲ್ಲಿ ನೇರಳೆ ಚುಕ್ಕಿಗಳು! ಕಣ್ಣು ತುಂಬಿತು. "ಹಾಗಾದ್ರೆ... ಬದುಕಿದೆ!"

ಅವನು ಹೂಂ ಅನ್ನಬಹುದಿತ್ತು. ಅವಳು ಅಲ್ಲೇ ಕರಗಿಬಿಡುತ್ತಿದ್ದಳು. ಆದರೆ ಅವನು ಕುಂಡವನ್ನು ಬೆಳಕಿಗೆ ತಿರುಗಿಸಿದ.

"ಇವತ್ತು ಬೆಳಗ್ಗೆ ಇದಕ್ಕೂ ಕಲೆ ಬಂದಿದೆ. ಇಲ್ಲಿ ನೋಡಿ. ಒಂದು ಎಲೆ ತೆಗೀಬೇಕು. ತೆಗೆದ್ರೂ ಉಳಿಯುತ್ತೆ ಅನ್ನಲಾರೆ."

ಅವಳು ಅತ್ತಳು. ಎರಡನೇ ಸಲ ಅಮ್ಮನನ್ನು ಕಳೆದುಕೊಂಡವಳಂತೆ ಅತ್ತಳು. ಆ ಅಳುವಿನೊಳಗೇ ಅವಳಿಗೆ ಏನೋ ಹಗುರ ಅನ್ನಿಸಿತು. *ಹೇಳಿದ... ಈ ಸಲ ಹೇಳಿದ.*

"ನೋಡೋಕೆ ಆಗಲ್ಲ ಅಂದ್ರೆ ಹೊರಗೆ ನಿಂತಿರಿ," ಅಂದ.

"ಇಲ್ಲೇ ಇರ್ತೀನಿ." ಕಣ್ಣೊರೆಸಿಕೊಂಡಳು. "ನೀವು ಮಾಡಿದ್ದನ್ನ ನಾನು ಮರೆಯಲ್ಲ."

"ಮರೀಬೇಡಿ."

"ಕೆಟ್ಟ ಸುದ್ದಿ ಇದ್ರೆ ಮೊದಲು ನನಗೇ ಹೇಳಬೇಕು. ಜೀವನಪೂರ್ತಿ."

ಜೀವನಪೂರ್ತಿ! ಅವನು ತಲೆಯೆತ್ತಿ ನೋಡಿದ.

"ಹೇಳ್ತೀನಿ. ಈಗಲೇ ಒಂದು ಹೇಳಲಾ?"

"ಹೇಳಿ."

"ಕೈ ನಡುಗ್ತಾ ಇದೆ. ಕತ್ತರಿಸೋಕೆ ಧೈರ್ಯ ಬರ್ತಿಲ್ಲ."

ಅವಳು ಹತ್ತಿರ ಬಂದು ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಳು.

"ನಾನು ಹಿಡ್ಕೊಂಡಿದ್ದೀನಿ. ಈಗ ಕತ್ತರಿಸಿ."